ಒಡಲದನಿ ಅಳಿಸಿದ ಸೋಮವಾರ

ಅಳಿಸುವುದಕ್ಕೆ ಹಿಡಿದದ್ದು ಹೆಚ್ಚೆಂದರೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ರಮಿತಾ ಕುಂದರ್ ಗುಂಡಿ ಒತ್ತಿದಳು. ಲೋಟ ಖಾಲಿಯಾಗುವಷ್ಟರಲ್ಲಿ ಮೂರು ವರ್ಷದ ಲೆಕ್ಕಾಚಾರ ಸರ್ವರಿನಿಂದ ಮಾಯವಾಗಿ, ಜಾಗ ತುಂಬಿತೆಂದು ತಿಂಗಳಿಂದ ಕೆಂಪಗೆ ಉರಿಯುತ್ತಿದ್ದ ಎಚ್ಚರಿಕೆಯ ದೀಪ ಹಸಿರಾಯಿತು. ಅವಳಿಗೆ ನಿಜಕ್ಕೂ ಖುಷಿಯಾಯಿತು. ಬೀಡುಬಿಟ್ಟ ನೆಂಟನನ್ನು ಉಪಾಯವಾಗಿ ಸಾಗಹಾಕಿದ ಮನೆಯೊಡತಿಗೆ ಆಗುವಂಥ ಖುಷಿ ಅದು.

ಅವಳು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರೊಂದಿತ್ತು. ಹೊಸಕೋಡಿ ಬಂದರಿನ ಜನ ಅದನ್ನು ಕಡಲಕಿವಿ ಎಂದೇ ಕರೆಯುತ್ತಿದ್ದರು. ದಾರಿ ತೋರಿಸುವ ಉಪಗ್ರಹಗಳು ಆಕಾಶದ ಕಸಕ್ಕೆ ಡಿಕ್ಕಿ ಹೊಡೆದು ಒಂದರ ಹಿಂದೊಂದು ಹಾಳಾದ ಮೇಲೆ, ಕಡಲಿನಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯುವುದೇ ಕಷ್ಟವಾಗಿತ್ತು. ಆಗ ಯಾರಿಗೋ ಹೊಳೆಯಿತು: ಮೇಲಿನಿಂದ ನೋಡಲಾಗದಿದ್ದರೆ ಕೆಳಗಿನಿಂದ ಕೇಳಿಸಿಕೊಂಡರೆ ಹೇಗೆ? ಕರಾವಳಿಯುದ್ದಕ್ಕೂ ಕಡಲ ತಳದಲ್ಲಿ ಸಾವಿರದ ಇನ್ನೂರು ಮೈಕುಗಳನ್ನು ನೆಟ್ಟರು. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ಬೇಗ ಓಡುತ್ತದೆ, ಬಹಳ ದೂರ ಹೋಗುತ್ತದೆ. ಒಂದೊಂದು ದೋಣಿಯ ಇಂಜಿನ್ನಿಗೂ ಒಂದೊಂದು ಗಂಟಲು. ಆ ಸದ್ದು ಯಾವ ಮೈಕಿಗೆ ಯಾವಾಗ ಮುಟ್ಟಿತೆಂದು ನೋಡಿದರೆ ದೋಣಿ ಎಲ್ಲಿದೆಯೆಂದು ತಿಳಿಯುತ್ತದೆ. ಏಳು ವರ್ಷದಲ್ಲಿ ಹೊಸಕೋಡಿಯ ಒಂದು ದೋಣಿಯೂ ಕಳೆದುಹೋಗಿರಲಿಲ್ಲ.

ಕಡಲಿನಿಂದ ಬಂದ ಕಚ್ಚಾ ಸದ್ದನ್ನು ಯಂತ್ರಗಳು ಹಂತಹಂತವಾಗಿ ಸೋಸುತ್ತಿದ್ದವು, ಪ್ರತಿ ಹಂತದ ಫಲಿತಾಂಶವೂ ಸರ್ವರಿನಲ್ಲಿ ಉಳಿಯುತ್ತಿತ್ತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ನುಂಗುತ್ತಿದ್ದದ್ದು ಒಡಲದನಿ. ಇಂಜಿನ್ ನಿಲ್ಲಿಸಿದ ದೋಣಿಯೂ ಸುಮ್ಮನಿರುವುದಿಲ್ಲ. ಅಲೆ ಬಡಿದಾಗ ಅದರ ಒಡಲು ತನ್ನದೇ ಸ್ವರದಲ್ಲಿ ಗುಂಯ್‌ಗುಡುತ್ತದೆ. ಎಷ್ಟು ಮೆಲ್ಲಗೆ ಎಂದರೆ, ಒಂದು ದೋಣಿಯ ಸ್ವರವನ್ನು ಬೇರ್ಪಡಿಸಬೇಕಾದರೆ ಅದು ಲಂಗರು ಹಾಕಿ ನಿಂತ ನೂರಾರು ಗಂಟೆಗಳ ಸದ್ದನ್ನು ಒಂದರ ಮೇಲೊಂದು ಪೇರಿಸಿ ಸೋಸಬೇಕು. ಹೀಗೆ ಬಂದರಿನ ಎಲ್ಲ ದೋಣಿಗಳ ಸ್ವರವನ್ನೂ ತೆಗೆದಿಟ್ಟಿದ್ದರು. ಮೂರು ವರ್ಷದಲ್ಲಿ ಅದು ಬೇಕೆಂದು ಯಾರೂ ಒಮ್ಮೆಯೂ ಕೇಳಿರಲಿಲ್ಲ.

“ಅಳಿಸಿದ್ರ, ಮುಂದ ಬೇಕಾದಾಗ ಏನ್ ಮಾಡ್ತೀರಿ?” ಎಂದು ಕೇಂದ್ರದ ಮುಖ್ಯಸ್ಥೆ ಡಾ. ಮೀನಾಕ್ಷಿ ಬಳಿಗಾರ ಕೇಳಿದ್ದರು. ಅವರು ಧಾರವಾಡದ ಕಡೆಯವರು.

“ಕಚ್ಚಾ ಸದ್ದು ಟೇಪಿನಲ್ಲಿ ಭದ್ರವಾಗಿದೆಯಲ್ಲ ಮೇಡಂ. ಕಾಯಿ ಇದ್ದರೆ ಹಾಲು ಯಾವಾಗ ಬೇಕಾದರೂ ಹಿಂಡಬಹುದು.”

ಬಳಿಗಾರ ಮೇಡಂ ನಕ್ಕು ನಮೂನೆಗೆ ಸಹಿ ಹಾಕಿದ್ದರು. ನಮೂನೆಯಲ್ಲಿ ರಮಿತಾ ಎಲ್ಲವನ್ನೂ ಪ್ರಾಮಾಣಿಕವಾಗಿಯೇ ತುಂಬಿದ್ದಳು. ಮರಳಿ ಪಡೆಯಬಹುದೇ? ಪಡೆಯಬಹುದು. ಎಷ್ಟು ಕಾಲ ಬೇಕು? ಹದಿಮೂರು ದಿನ; ಟೇಪುಗಳು ಚಿತ್ರದುರ್ಗದ ಹತ್ತಿರದ ಭಂಡಾರದಿಂದ ಬರಬೇಕು, ಓದಿಸಬೇಕು, ಆಮೇಲೆ ಲೆಕ್ಕ ಓಡಬೇಕು. ತಡವಾದರೆ ಯಾರಿಗಾದರೂ ತೊಂದರೆಯೇ? ಅಲ್ಲಿ ಅವಳು ಇಲ್ಲ ಎಂದು ಬರೆದಿದ್ದಳು. ಆ ಉತ್ತರ ಬರೆಯುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಪ್ರಬಂಧ ಬರೆಯುವ ಸಂಶೋಧಕರು, ಅವರಿಗೆ ಹದಿಮೂರು ದಿನ ತಡವಾದರೆ ಗಂಟೇನೂ ಹೋಗುವುದಿಲ್ಲ.

ರಮಿತಾಳ ಮನೆ ಕೇಂದ್ರದಿಂದ ಕೂಗಳತೆಯಲ್ಲೇ, ಮೀನುಗಾರರ ಓಣಿಯಲ್ಲಿತ್ತು. ತಾಯಿ ಬೇಬಿಯಮ್ಮ, ಅಣ್ಣ ಸುಕೇಶ, ಅತ್ತಿಗೆ ಸುಪ್ರೀತಾ, ಅವರ ಐದು ವರ್ಷದ ಮಗಳು. ಸುಕೇಶ ‘ಜಲದುರ್ಗಾ’ ಎಂಬ ಮರದ ದೋಣಿಯ ತಾಂಡೇಲ, ಅಂದರೆ ಆರು ಜನ ಕಲಾಸಿಗಳನ್ನು ಕಟ್ಟಿಕೊಂಡು ದೋಣಿ ನಡೆಸುವವನು. ತಂಗಿ ಕಡಲಕಿವಿಯಲ್ಲಿ ಕೆಲಸ ಮಾಡುವುದು ಅವನಿಗೆ ಹೆಮ್ಮೆ, ಅದಕ್ಕಿಂತ ಹೆಚ್ಚು ತಮಾಷೆ.

“ಏ ರಮಿ, ನಾನ್ ನಡುಗಡ್ಲಗೆ ಸೀನದ್ರೂ ನಿನ್ ಆಫೀಸಿಗ್ ಕೇಣ್ತಾ?” ಎಂದು ಮಂಗಳವಾರ ಸಂಜೆ ಬಲೆಯ ಹಗ್ಗ ಸುತ್ತುತ್ತ ಕೇಳಿದ.

“ನೀನ್ ಸೀನುದೆಂತ, ಗೊರ್ಕೆ ಹೊಡುದೂ ಕೇಣ್ತ್,” ಎಂದಳು ರಮಿತಾ.

“ಅದ್ ನಂಗೂ ಕೇಣ್ತ್, ಅದಕ್ಕೆ ಮೆಷಿನ್ ಬೇಡ,” ಎಂದಳು ಒಳಗಿನಿಂದ ಸುಪ್ರೀತಾ.

ಸುಕೇಶ ನಗುತ್ತಲೇ, ಕೇಂದ್ರದವರು ಹೋದ ವರ್ಷ ತಾಂಡೇಲರಿಗೆಲ್ಲ ಕಲಿಸಿದ ಪಾಠವನ್ನು ಅಣಕಿಸಿ ಒಪ್ಪಿಸಿದ. ಇಂಜಿನ್ ಕೆಟ್ಟರೆ ಹೆದರಬೇಡಿ. ಕಬ್ಬಿಣದ ಸರಳು ತೆಗೆದುಕೊಂಡು ದೋಣಿಯ ಒಡಲಿಗೆ ಬಡಿಯಿರಿ. ನಾವು ಕೇಳಿಸಿಕೊಳ್ಳುತ್ತೇವೆ. ಬುಧವಾರ ಬೆಳಕು ಹರಿಯುವ ಮುಂಚೆ ಜಲದುರ್ಗಾ ಹೊರಟಿತು, ಹತ್ತು ದಿನದ ಮೀನುಗಾರಿಕೆಗೆ.

ಮುಂದಿನ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ದಡದಿಂದ ಮೂವತ್ತೆಂಟು ಮೈಲಿ ಆಚೆ, ಅದರ ಇಂಜಿನ್ನಿನ ಸದ್ದಿನ ನಡುವೆ ‘ಢಬ್’ ಎಂದು ಒಂದು ಶಬ್ದ ಬಂತು. ಆಮೇಲೆ ಇಂಜಿನ್ ಇಲ್ಲ. ವೈರ್‌ಲೆಸ್ಸಿಗೆ ಕರೆ ಹೋಯಿತು, ಉತ್ತರವಿಲ್ಲ, ಬ್ಯಾಟರಿಯೂ ಸುಟ್ಟಿರಬೇಕು. ಪರದೆಯ ಮೇಲೆ ಜಲದುರ್ಗಾದ ಗೆರೆ ಅಲ್ಲಿಗೆ ನಿಂತುಬಿಟ್ಟಿತು. ಕೆಳಗೆ ಸಣ್ಣ ಅಕ್ಷರದಲ್ಲಿ ತಾಂಡೇಲನ ಹೆಸರಿತ್ತು.

ಬಳಿಗಾರ ಮೇಡಂ ಓಡುತ್ತ ಬಂದರು. “ನಿಮ್ಮ ಅಣ್ಣಾ ಅಲ್ಲೇನ್ರಿ? ಅಂಜಬ್ಯಾಡ್ರಿ. ಇಂಜಿನ್ ಇಲ್ಲಂದ್ರ ಏನಾತು, ದೋಣಿ ತೇಲೇ ತೇಲ್ತದ. ಅದರ ಒಡಲದನಿ ತಗೀರಿ, ಲಗೂನ ಹುಡುಕೋಣು.”

ರಮಿತಾ ಕುರ್ಚಿಯಿಂದ ಏಳಲಿಲ್ಲ. “ಅಳಿಸಿದೆವಲ್ಲ ಮೇಡಂ,” ಎಂದಳು. “ಹೋದ ವಾರ.”

ಇಬ್ಬರೂ ಹಸಿರು ದೀಪವನ್ನು ನೋಡಿದರು. ಬಳಿಗಾರ ಮೇಡಂ ಮೆಲ್ಲಗೆ, “ಸಹಿ ನಾನೂ ಮಾಡೇನಿ,” ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ಸಮಾಧಾನ ಯಾರಿಗೂ ಆಗಲಿಲ್ಲ.

ಬಡಿತವನ್ನಾದರೂ ನೇರವಾಗಿ ಹುಡುಕಬಾರದೇ ಎಂದರೆ, ಕಡಲೆಂದರೆ ಬರೀ ನೀರಲ್ಲ. ತಳದಲ್ಲಿ ಸಿಗಡಿಗಳು ಚಿಟಿಕೆ ಹೊಡೆಯುತ್ತವೆ, ತೇಲುಗುರುತುಗಳ ಸರಪಳಿ ಕುಟ್ಟುತ್ತದೆ, ಎಲ್ಲೋ ಒಂದು ಬಂದರಿನಲ್ಲಿ ಕಂಬ ಹೂಳುತ್ತಾರೆ. ದಿನಕ್ಕೆ ಲಕ್ಷಗಟ್ಟಲೆ ಬಡಿತ. ಅದರಲ್ಲಿ ಜಲದುರ್ಗಾದ್ದು ಯಾವುದೆಂದು ತಿಳಿಯಲು ಅದರ ಒಡಲಿನ ಸ್ವರವೇ ಬೇಕು, ಇಲ್ಲದ್ದು ಅದೊಂದೇ. ಆ ಮಧ್ಯಾಹ್ನವೇ ಟೇಪುಗಳು ಲಾರಿಯಲ್ಲಿ ಹೊರಟವು. ಬೆಂಗಳೂರಿನ ದೊಡ್ಡ ಯಂತ್ರವೊಂದು ಎರವಲು ಸಿಕ್ಕರೆ ಹದಿಮೂರು ದಿನದ ಕೆಲಸ ನಾಲ್ಕೈದು ದಿನಕ್ಕೆ ಇಳಿಯಬಹುದು ಎಂದರು ಮೇಡಂ. ಕೊಡುತ್ತೇವೆ ಎಂದು ಬೆಂಗಳೂರಿನವರೂ ಹೇಳಿದರು. ಇನ್ನೊಂದು ಮಾತಿತ್ತು. ಸ್ವರ ಸಿಕ್ಕ ಮೇಲೂ ಈ ದಿನಗಳ ಸದ್ದಿನಲ್ಲಿ ಅದು ಕೇಳಿಸಬೇಕಾದರೆ ಕಡಲು ಈಗಿನಿಂದಲೇ ಸದ್ದಿಲ್ಲದೆ ಇರಬೇಕು. ನಲವತ್ತು ದೋಣಿಗಳು ಇಂಜಿನ್ ಹಾಕಿಕೊಂಡು ಓಡಾಡಿದರೆ ಆ ಗದ್ದಲದಲ್ಲಿ ಅಷ್ಟು ಮೆಲುದನಿ ಅಳಿಸಿಯೇ ಹೋಗುತ್ತದೆ. ಬಂದರಿನ ದೋಣಿಗಳನ್ನೆಲ್ಲ ದಡದಲ್ಲೇ ನಿಲ್ಲಿಸಬೇಕಾಯಿತು.

ನಿಲ್ಲಿಸುವುದು ಸುಲಭವಿರಲಿಲ್ಲ. ಹೊಸಕೋಡಿಯಲ್ಲಿ ಒಂದು ರೂಢಿಯಿತ್ತು: ಒಂದು ದೋಣಿ ಬರಲಿಲ್ಲವೆಂದರೆ ಮಿಕ್ಕವೆಲ್ಲ ಬಲೆ ಇಳಿಸಿಟ್ಟು ಹುಡುಕಲು ಹೋಗಬೇಕು. ಬುಧವಾರ ಬೆಳಿಗ್ಗೆ ರಮಿತಾ ದೋಣಿ ಕಟ್ಟುವ ದಕ್ಕೆಗೆ ಬಂದಾಗ ನಲವತ್ತು ದೋಣಿಗಳೂ ಸಿದ್ಧವಾಗಿದ್ದವು. ಎಲ್ಲರಿಗಿಂತ ಹಿರಿಯ ತಾಂಡೇಲ ಶೀನಣ್ಣ ಆಗಲೇ ಹಗ್ಗ ಬಿಚ್ಚಿದ್ದ.

“ಎಂತ ಕಾಂತಾ ಕೂಕಂಬುದ್?” ಎಂದ ಅವನು. “ಹಿಂದೆಲ್ಲ ಒಂದ್ ದೋಣಿ ಬರ್ದಿದ್ರೆ ಊರಿಗೂರೇ ಕಡ್ಲಿಗ್ ಇಳಿತಿತ್ತ್. ಯಾರೂ ಯಾರ್ ಅಪ್ಪಣೆ ಕೇಂತಿರ್ಲಿಲ್ಲ.”

“ನೀವೆಲ್ಲ ಒಟ್ಟಿಗೆ ಹೋದ್ರೆ ಅಣ್ಣನ್ ದೋಣಿ ಸದ್ದ್ ಮುಳ್ಗಿ ಹೋತ್ತ್ ಶೀನಣ್ಣ. ಲೆಕ್ಕ ನಡೀತಾ ಇತ್ತ್. ಎರಡ್ ದಿನ ಕೂಕಣಿ.”

“ಎರಡೇ ದಿನವಾ?”

“ಎರಡೇ ದಿನ.”

ಇಲ್ಲಿ ಒಂದು ಮಾತು ಹೇಳಲೇಬೇಕು. ಅಳಿಸಿದ್ದು ರಮಿತಾಳ ತಪ್ಪಲ್ಲ. ಅವಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಎರಡು ದಿನ ಎಂದದ್ದು ಮಾತ್ರ ಅವಳದೇ ತಪ್ಪು. ಸ್ವರ ನಮ್ಮ ಬಳಿ ಇಲ್ಲ, ಹದಿಮೂರು ದಿನ ಹಿಡಿಯಬಹುದು, ನೀವು ಹೋಗಿ ಹುಡುಕಿ ಎಂದು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ದೋಣಿಯಲ್ಲಿದ್ದ ಏಳು ಜನರ ಮನೆಯ ಹೆಂಗಸರು ಅವಳ ಮುಖವನ್ನೇ ನೋಡುತ್ತ ನಿಂತಿದ್ದರು, ಅದರಲ್ಲಿ ಅತ್ತಿಗೆಯೂ ಇದ್ದಳು. ಅವರ ಮುಂದೆ ಅಳಿಸಿದೆ ಎಂಬ ಪದ ಅವಳ ಬಾಯಿಂದ ಹೊರಡಲಿಲ್ಲ. ದೊಡ್ಡ ಯಂತ್ರ ಹೇಗೂ ಸಿಗುತ್ತದೆ, ಎರಡಲ್ಲದಿದ್ದರೆ ನಾಲ್ಕು ದಿನ, ಅಷ್ಟರಲ್ಲಿ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಶೀನಣ್ಣ ಒಪ್ಪಲಿಲ್ಲ. ಒಪ್ಪಿಸಿದವಳು ಸುಪ್ರೀತಾ. ಅವಳು ದಕ್ಕೆಯ ಮೆಟ್ಟಿಲಿಳಿದು ಹೋಗಿ, ಅವನ ಕೈಯಲ್ಲಿದ್ದ ಹಗ್ಗ ಕಿತ್ತುಕೊಂಡು ಗೂಟಕ್ಕೆ ಸುತ್ತಿದಳು. “ರಮಿತಾ ಹೇಳದ್ ಮೇಲೆ ಆಯ್ತ್,” ಎಂದಳು. “ಅವ್ಳ್ ಒಡಹುಟ್ಟಿದ್ ಅಣ್ಣ ಅಲ್ದಾ ಅಲ್ಲಿಪ್ಪುದ್? ಅವ್ಳಿಗಿಲ್ದಿದ್ ಕಾಳ್ಜಿ ನಿಮಗಿತ್ತಾ?” ಒಂದೊಂದಾಗಿ ಇಂಜಿನ್ನುಗಳು ಬಂದ್ ಆದವು.

ಎರಡು ದಿನ ಕಳೆಯಿತು. ದೊಡ್ಡ ಯಂತ್ರದ ವಿಷಯ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಹಾರಿ ನೋಡಲು ಬಂದ ವಿಮಾನಕ್ಕೆ ಮೋಡ ಬಿಟ್ಟರೆ ಏನೂ ಕಾಣಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಟೇಪುಗಳು ಗಂಟೆಗೊಂದರಂತೆ ತಿರುಗುತ್ತಿದ್ದವು, ಪರದೆಯಲ್ಲಿ ಶೇಕಡಾ ನಾಲ್ಕು, ಶೇಕಡಾ ಐದು ಎಂದು ಬರುತ್ತಿತ್ತು. ರಮಿತಾ ಆ ಅಂಕಿಯನ್ನು ನೋಡುತ್ತ ಕುಳಿತಿರುತ್ತಿದ್ದಳು. ನೋಡಿದರೆ ಬೇಗ ಓಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ಎದ್ದು ಹೋಗಲು ಹೆದರಿಕೆ.

ಮನೆಗೆ ಹೋದರೆ ಅದಕ್ಕಿಂತ ಕಷ್ಟ. ಬೇಬಿಯಮ್ಮ ಬಾಗಿಲಲ್ಲೇ ಕೇಳುತ್ತಿದ್ದಳು, “ಇವತ್ ಎಂತ ಹೇಳ್ತ್ ನಿನ್ ಮೆಷಿನ್?”

“ಲೆಕ್ಕ ನಡೀತಾ ಇತ್ತ್ ಅಮ್ಮ. ಇನ್ನೆರಡ್ ದಿನ.”

ಐದನೇ ದಿನವೂ ಇನ್ನೆರಡು ದಿನ, ಏಳನೇ ದಿನವೂ ಇನ್ನೆರಡು ದಿನ. ಊಟದ ತಟ್ಟೆ ಮುಟ್ಟದೆ ರಮಿತಾ ಕೇಂದ್ರಕ್ಕೆ ಮರಳುತ್ತಿದ್ದಳು. ಒಂದು ಮಧ್ಯಾಹ್ನ ಸುಪ್ರೀತಾ ಪಕ್ಕದಲ್ಲಿ ಕೂತು, ಅನ್ನಕ್ಕೆ ಸಾರು ಕಲಸಿ, ಮಗುವಿಗೆ ಕೊಡುವಂತೆ ತುತ್ತು ಮಾಡಿ ಕೊಟ್ಟಳು. “ಉಣ್ಣ್ ನೀನ್,” ಎಂದಳು. “ನೀನ್ ಬಿದ್ರೆ ಅವ್ರನ್ನ ಹುಡ್ಕುದ್ ಯಾರ್?” ರಮಿತಾ ಉಂಡಳು. ಉಂಡು ಹಿತ್ತಿಲಿಗೆ ಹೋಗಿ ಎಲ್ಲವನ್ನೂ ಕಾರಿಕೊಂಡಳು. ಅಲ್ಲಿ ನಿಂತು, ಈಗಲೇ ಒಳಗೆ ಹೋಗಿ ಹೇಳಿಬಿಡಬೇಕು ಎಂದುಕೊಂಡಳು. ಹೋದಾಗ ಅತ್ತಿಗೆ ಮಗಳಿಗೆ ಜಡೆ ಹಾಕುತ್ತ, ಅಪ್ಪ ಬರುವಾಗ ಹೂವಿರಲಿ ಎಂದು ಅಬ್ಬಲಿಗೆ ಮುಡಿಸುತ್ತಿದ್ದಳು. ಆ ದಿನವೂ ಹೇಳಲಾಗಲಿಲ್ಲ.

ಎಂಟನೇ ದಿನ ಶೀನಣ್ಣ ಯಾರ ಮಾತೂ ಕೇಳದೆ ಆರು ದೋಣಿ ಕರೆದುಕೊಂಡು ಪಡುವಣಕ್ಕೆ ಹೋದ. ಇಂಜಿನ್ ನಿಂತ ಜಾಗದ ಸುತ್ತ ಎರಡು ದಿನ ಹುಡುಕಿ, ಡೀಸೆಲ್ ಮುಗಿದು ಬರಿಗೈಯಲ್ಲಿ ಬಂದ. ದಕ್ಕೆಯಲ್ಲಿ ರಮಿತಾ ಎದುರಾದಾಗ ಅವನು ಖಾಲಿ ಡೀಸೆಲ್ ಕ್ಯಾನು ಹೊತ್ತು ಪಕ್ಕದಿಂದ ಹಾದುಹೋದ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗನ್ನಿಸಿತು.

ಹದಿಮೂರು ದಿನ ಎಂದು ಬರೆದದ್ದು ಹದಿಮೂರೇ ದಿನಕ್ಕೆ ಮುಗಿಯಿತು. ಆ ವಿಷಯದಲ್ಲಿ ಅವಳ ಅಂದಾಜು ಕರಾರುವಾಕ್ಕಾಗಿತ್ತು. ಸೋಮವಾರ ಬೆಳಿಗ್ಗೆ ಜಲದುರ್ಗಾದ ಸ್ವರ ಪರದೆಯ ಮೇಲೆ ಬಂತು, ಅರ್ಧ ಗಂಟೆಯೊಳಗೆ ಹದಿಮೂರು ದಿನದ ಕಡಲ ಸದ್ದಿನಿಂದ ಯಂತ್ರ ಆ ದೋಣಿಯ ಗೆರೆಯನ್ನು ಎಳೆದು ಮುಂದಿಟ್ಟಿತು. ಒಂದು ಕೊಂಡಿಯೂ ತಪ್ಪಿರಲಿಲ್ಲ. ಇಷ್ಟು ಶುದ್ಧವಾದ ಫಲಿತಾಂಶ ಆ ಕೇಂದ್ರದಲ್ಲಿ ಅದುವರೆಗೆ ಬಂದಿರಲಿಲ್ಲ.

ಇಂಜಿನ್ ನಿಂತ ಮೇಲೆ ಗಾಳಿ ದೋಣಿಯನ್ನು ದಡದ ಕಡೆಗೇ ತಳ್ಳಿತ್ತು. ಮೂರನೇ ದಿನ, ಗುರುವಾರ ಸಂಜೆ, ಜಲದುರ್ಗಾ ಹೊಸಕೋಡಿಯಿಂದ ಹನ್ನೊಂದು ಮೈಲಿ ದೂರದಲ್ಲಿತ್ತು. ಬುಧವಾರ ಹೊರಟಿದ್ದ ಯಾವ ದೋಣಿಗಾದರೂ ಕಂಡೇ ಕಾಣುತ್ತಿತ್ತು. ಶುಕ್ರವಾರ ಗಾಳಿ ತಿರುಗಿ, ನೀರಿನ ಸೆಳೆತ ಅದನ್ನು ತೆಂಕಣಕ್ಕೆ ಎಳೆದುಕೊಂಡು ಹೋಗಿತ್ತು. ಶೀನಣ್ಣ ಪಡುವಣದಲ್ಲಿ ಹುಡುಕುತ್ತಿದ್ದಾಗ ಜಲದುರ್ಗಾದವರು ಅವನಿಂದ ಅರುವತ್ತು ಮೈಲಿ ತೆಂಕಣಕ್ಕಿದ್ದರು.

“ಬಡಿತ ಕೇಳ್ತೀರೇನು?” ಎಂದರು ಬಳಿಗಾರ ಮೇಡಂ. “ಬ್ಯಾಡ್ರಿ ರಮಿತಾ. ನಾ ಕೇಳ್ತೀನಿ, ನೀವು ಹೊರಗ ಕುಂಡ್ರಿ.”

ರಮಿತಾ ಆಗಲೇ ಹೆಡ್‌ಫೋನ್ ಹಾಕಿಕೊಂಡಿದ್ದಳು. ಕಲಿಸಿದ ಪಾಠದಂತೆಯೇ ಬಡಿದಿದ್ದರು. ಮೊದಲ ದಿನ ಬಿಟ್ಟೂಬಿಡದೆ, ಆಮೇಲೆ ಕಸುವು ಉಳಿಸಲೆಂದು ಬೆಳಿಗ್ಗೆ ಸಂಜೆ. ಗುರುವಾರ ಸಂಜೆ ಮಾತ್ರ ಹುಚ್ಚು ಹಿಡಿದಂತೆ, ಏಳೂ ಜನ ಒಟ್ಟಿಗೆ, ಗಂಟೆಗಟ್ಟಲೆ. ದಡದ ದೀಪಸ್ತಂಭ ಅವರಿಗೆ ಕಂಡಿರಬೇಕು. ಒಂಬತ್ತನೇ ದಿನ ಹನ್ನೊಂದು ಬಡಿತ. ಹತ್ತನೇ ದಿನ, ಗುರುವಾರ ಬೆಳಿಗ್ಗೆ, ನಾಲ್ಕೇ ಬಡಿತ, ನಡುನಡುವೆ ಬಹಳ ಹೊತ್ತು ಬಿಟ್ಟು. ಆಮೇಲೆ ಎರಡು ದಿನ ಅಲೆಗೆ ದೋಣಿಯ ಒಡಲು ಗುಂಯ್‌ಗುಟ್ಟಿದ್ದಷ್ಟೇ ಇತ್ತು. ಭಾನುವಾರ ಅದೂ ನಿಂತಿತ್ತು. ಕೊನೆಯ ಜಾಗಕ್ಕೆ ಓಡಿದ ಹಡಗಿಗೆ ಸಿಕ್ಕಿದ್ದು ಎರಡು ಹಲಗೆ, ಕುಡಿಯುವ ನೀರಿನ ಒಂದು ನೀಲಿ ಪೀಪಾಯಿ. ಪೀಪಾಯಿ ಖಾಲಿಯಿತ್ತು.

ಮರುದಿನ ಮಧ್ಯಾಹ್ನ ಜಾತಿಯ ಹಿರಿಯರಾದ ಗುರಿಕಾರರು ಏಳೂ ಮನೆಗೆ ಹೋಗಿ ಬಂದು, ಕೊನೆಗೆ ಬೇಬಿಯಮ್ಮನ ಜಗಲಿಯಲ್ಲಿ ಕೂತರು. ಉತ್ತರಕ್ರಿಯೆಯ ಬೊಜ್ಜ ಮಾಡಬೇಕು, ವರ್ಷವರ್ಷ ನೆನೆಯಬೇಕು, ಅದಕ್ಕೆ ತೀರಿಕೊಂಡ ದಿನ ಬೇಕು. “ದಿನ ಗೊತ್ತಿಲ್ದಿದ್ರೆ ಇಂಜಿನ್ ನಿಂತದ್ದೇ ದಿನ ಅಂದೇಳಿ ಮಾಡ್ವ,” ಎಂದರು ಅವರು. “ಅವತ್ತೇ ಮುಳ್ಗಿರ್ಕ್. ಏಳೂ ಮನೆಗೆ ಒಂದೇ ದಿನ.” ಬೇಬಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ತಲೆಯಾಡಿಸಿದಳು. ಅವತ್ತೇ ಮುಳುಗಿದರು, ಹೆಚ್ಚು ನರಳಲಿಲ್ಲ ಎಂಬುದೊಂದೇ ಅವಳಿಗೆ ಉಳಿದಿದ್ದ ಆಸರೆ.

ರಮಿತಾ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗುರಿಕಾರರು ಎದ್ದು ಹೋಗುವವರೆಗೆ ಅವಳು ಕಾದಳು. ಆಮೇಲೆ ಅಡುಗೆಮನೆಗೆ ಹೋದಳು. ಸುಪ್ರೀತಾ ಒಲೆಯ ಮುಂದೆ ಕೂತಿದ್ದಳು, ಒಲೆ ಹೊತ್ತಿಸಿರಲಿಲ್ಲ.

ಗಂಡ ಸತ್ತ ದಿನ ಹೆಂಡತಿಗೆ ಗೊತ್ತಿರಬೇಕು ಎಂದು ರಮಿತಾ ತನಗೆ ತಾನು ಹೇಳಿಕೊಂಡಿದ್ದಳು. ಅದು ಅರ್ಧ ನಿಜ. ಹದಿಮೂರು ದಿನ ಹೊತ್ತುಕೊಂಡದ್ದನ್ನು ಇನ್ನು ಹೊರಲಾರೆ, ಯಾರಾದರೂ ನನ್ನ ಕೆನ್ನೆಗೆ ಬಾರಿಸಲಿ, ಮನೆಯಿಂದ ಹೊರಗೆ ಹಾಕಲಿ ಎಂಬ ಆಸೆ ಇನ್ನರ್ಧ. ಆ ಆಸೆಯೇ ಅವಳನ್ನು ಮಾತಾಡಿಸಿತು.

“ಅತ್ಗೆ, ಇಂಜಿನ್ ನಿಂತ ದಿನ ಅಲ್ಲ,” ಎಂದಳು. “ದಶಮಿ ದಿನ. ಮೊನ್ನೆ ಗುರುವಾರ ಬೆಳಿಗ್ಗೆ.”

ಸುಪ್ರೀತಾ ತಿರುಗಿ ನೋಡಿದಳು. “ದಶಮಿಯಾ? ಅಲ್ಲಿವರಿಗೆ... ಇದ್ರಾ?”

“ಇದ್ರ್.”

“ಎಲ್ಲಿ ಇದ್ರ್?”

ಹೇಳಿದಳು. ಮೂರನೇ ದಿನ ಹನ್ನೊಂದು ಮೈಲಿ. ಬಡಿಯುತ್ತಿದ್ದರು. ಎಲ್ಲವನ್ನೂ ಹೇಳಿದಳು, ನಿಲ್ಲಿಸಲು ಅವಳಿಂದ ಆಗಲಿಲ್ಲ. ಸುಪ್ರೀತಾ ಬೆರಳು ಮಡಚಿ ಮಂಗಳವಾರ, ಬುಧವಾರ, ಗುರುವಾರ ಎಂದು ಎಣಿಸಿ, ಬುಧವಾರದ ಬೆರಳಿಗೆ ಮರಳಿ ಬಂದು ಅಲ್ಲೇ ನಿಂತಳು.

“ಬುಧವಾರ ಅಲ್ದಾ ಶೀನಣ್ಣ ಹೊರಟದ್?”

“ಅತ್ಗೆ, ಕೇಣಿ. ತಪ್ಪ್ ನಂದ್. ದೋಣಿ ಸ್ವರ ನಮ್ಮತ್ರ ಇರ್ಲೇ ಇಲ್ಲ. ಜಾಗ ಇಲ್ಲ ಅಂದೇಳಿ ಹಿಂದಿನ್ ವಾರ ನಾನೇ ಅಳ್ಸಿದ್ದೆ. ಎರಡ್ ದಿನ ಅಂದದ್ ಸುಳ್ಳ್. ನಂಗ್ ಗೊತ್ತಿತ್ತ್, ಗೊತ್ತಿದ್ದೂ ಹೇಳ್ದೆ.”

ಸುಪ್ರೀತಾ ಅವಳನ್ನೇ ನೋಡುತ್ತಿದ್ದಳು, ಮಾತು ಕಿವಿಗೆ ಬಿದ್ದಿತ್ತೋ ಇಲ್ಲವೋ. “ಹಗ್ಗ ಬಿಚ್ಚಿ ಆಗಿತ್ತ್ ಅವ,” ಎಂದಳು. “ಹೊರಟೇ ಆಗಿತ್ತ್.”

“ನಾನ್ ಅಳ್ಸದ್, ಅತ್ಗೆ. ನಾನ್ ಸುಳ್ಳ್ ಹೇಳದ್.”

“ಅವ ಹೊರಟಿದ್ದ. ಕಟ್ಟದ್ ಯಾರ್? ನಾನ್ ಅಲ್ದಾ?”

ರಮಿತಾ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿ ಮತ್ತೊಮ್ಮೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ. ಸುಪ್ರೀತಾ ಸೌಜನ್ಯದಿಂದ ಕೇಳಿಸಿಕೊಂಡಳು. ಮುಗಿದ ಮೇಲೆ ತನ್ನ ಅಂಗೈಗಳನ್ನು ಮೇಲೆ ಮಾಡಿ, ನಾದಿನಿಯ ಮುಂದೆ ಹಿಡಿದಳು.

“ಕಾಣ್,” ಎಂದಳು. “ಈ ಕೈಯಲ್ಲೇ ಕಟ್ಟದ್ ನಾನ್.”